ಅಗೆಯೋರು ಒಬ್ಬರು, ಮುಚ್ಚೋರು ಯಾರು?
(ಸುತ್ತೂರಿನ ಸಭೆಯಲ್ಲಿ ಆಡಿದ ಮಾತು)



ಕವಿತೆ ಬರೆಯೋ ಹುಡುಗನಿಗೆ ಜಲ್ಲಿ ಸಿಮೆಂಟಿನ ಉಸಾಬರಿ ಯಾಕೆ ಅಂತ ಹಿಂದೆ ಕೂತವರು ನಗ್ತಾ ಇದ್ದೀರಿ. ನಗಿ. ಆದರೆ 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ಗುಡಿಯೊಳಕ್ಕೆ ಹೋಗೋದಕ್ಕಲ್ಲ, ಗುಡಿಯ ಸುತ್ತಲ ರಸ್ತೆಯಲ್ಲಿ ನಡೆಯೋದಕ್ಕೆ. ನಮಗೆ ರಸ್ತೆ ಅನ್ನೋದು ಎಂದೂ ಬರೀ ರಸ್ತೆಯಾಗಿರಲಿಲ್ಲ.

ಇವತ್ತು ನಡೀಬೇಡ ಅಂತ ಬಾಯಿಬಿಟ್ಟು ಹೇಳೋ ಹಾಗಿಲ್ಲ. ನಡೆಯೋಕೆ ಆಗದ ಹಾಗೆ ಮಾಡಿಟ್ಟರೆ ಸಾಕು. ಈ ಕಪಿಲೆ ದಂಡೆಯ ಎಷ್ಟೋ ಕೇರಿಗಳ ಕಥೆ ಒಂದೇ. ಕಾಂಕ್ರೀಟು ಸುರಿದರು, ಪೂಜೆ ಮಾಡಿ ಫೋಟೋ ತೆಗೆಸಿಕೊಂಡರು. 2019ರಲ್ಲಿ ಜಲ ಜೀವನ್ ಮಿಷನ್ ಬಂತು. ಮನೆಮನೆಗೆ ನಲ್ಲಿ ಅಂತ ಅದೇ ರಸ್ತೆಯ ಎದೆ ಸೀಳಿ ಪೈಪು ಹೂತರು, ಮೇಲೆ ಮಣ್ಣೆಳೆದು ಹೋದರು. ಒಂದು ಮಳೆಗೆ ಮಣ್ಣು ಕುಸೀತು. ಬಸುರಿ ಹೆಂಗಸಿನ ನೋವಿಗೆ 108 ಗಾಡಿ ಕರೆದರೆ ಅದು ಊರ ಮುಂದೇ ನಿಲ್ಲುತ್ತೆ.

ನಲ್ಲಿ ಬೇಡ ಅಂತ ನಾನು ಹೇಳ್ತಿಲ್ಲ. ನೀರಿಗೆ ನಮ್ಮ ತಾಯಂದಿರು ಪಟ್ಟ ಪಾಡು ನಮಗೆ ಗೊತ್ತು. ಆದರೆ ಪೈಪು ಮೊದಲು, ಚರಂಡಿ ಆಮೇಲೆ, ರಸ್ತೆ ಕೊನೆಗೆ ಅನ್ನೋದನ್ನ ಮನೆ ಕಟ್ಟೋ ಮೇಸ್ತ್ರಿಯೂ ಬಲ್ಲ. ಸರ್ಕಾರದಲ್ಲಿ ರಸ್ತೆ ಒಬ್ಬರ ಕೈಲಿ, ನೀರು ಇನ್ನೊಬ್ಬರ ಕೈಲಿ. ಮಾರ್ಚಿ ಮುಗಿಯೋದರೊಳಗೆ ಇಬ್ಬರಿಗೂ ದುಡ್ಡು ಖರ್ಚಾಗಬೇಕು. ಕೇರಿಯ ಕಾಲು ಮುರಿದರೆ ಯಾವ ಇಲಾಖೆಯ ಲೆಕ್ಕಕ್ಕೂ ಬರಲ್ಲ.

ಸಿಮೆಂಟು ಗಟ್ಟಿಯಾಗೋದು ಬಿಸಿಲಿನಿಂದಲ್ಲ, ನೀರಿನಿಂದ. ಗೋಣಿಚೀಲ ಹಾಸಿ ದಿನಗಟ್ಟಲೆ ನೆನೆಸಬೇಕು. ಅದರ ಪೂರ್ತಿ ಬಲ ಅಳೆಯೋದು 28ನೇ ದಿನ. ಇದನ್ನ ನಿಮಗೆ ನಾನು ಹೇಳಿಕೊಡಬೇಕಾ? ಜಲ್ಲಿ ಹೊತ್ತೋರು ನೀವು, ಕಾಂಕ್ರೀಟು ಕಲೆಸಿದೋರು ನೀವು. ಎಷ್ಟು ಬಾಂಡ್ಲಿ ಮರಳಿಗೆ ಎಷ್ಟು ಸಿಮೆಂಟು ಬಿತ್ತು ಅನ್ನೋದು ನಿಮ್ಮ ಕೈಗೆ ಗೊತ್ತು. ಪುಸ್ತಕದಲ್ಲಿ ಎಷ್ಟು ಬಿತ್ತು ಅಂತ ಬರೆದಿದ್ದಾರೆ, ಅದೊಂದು ಗೊತ್ತಿಲ್ಲ.

ದುಡ್ಡಿನ ಮಾತಿಗೆ ಬರ್ತೀನಿ. ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣ ನಮಗೇ ಇಡಬೇಕು ಅಂತ 2013ರಲ್ಲಿ ಈ ರಾಜ್ಯ ಕಾನೂನು ಮಾಡಿತು. ಅದೇ ಕಾನೂನಿನೊಳಗೆ 7(ಡಿ) ಅಂತ ಒಂದು ಬಿಲ ಕೊರೆದಿಟ್ಟರು. ಎಲ್ಲರೂ ಓಡಾಡೋ ದೊಡ್ಡ ಕಾಮಗಾರಿಯ ಖರ್ಚಲ್ಲಿ ಒಂದು ಪಾಲನ್ನ ದಲಿತರಿಗೇ ಖರ್ಚಾಯ್ತು ಅಂತ ಬರೆದುಕೊಳ್ಳಬಹುದಿತ್ತು. ಹೆದ್ದಾರಿ ಅವರದು, ಲೆಕ್ಕ ನಮ್ಮದು! ಕೂಗಿ ಕೂಗಿ 2023ರಲ್ಲಿ ಅದನ್ನ ತೆಗೆಸಿದ್ದಾಯ್ತು. ಕಾನೂನಿನ ಬಿಲ ಮುಚ್ಚಿತು, ಕೇರಿಯ ಗುಂಡಿ ಹಾಗೇ ಇದೆ.

ಮನವಿಪತ್ರ ಕೊಟ್ಟು ಕೈಮುಗಿಯೋದು ಸಾಕು. 2005ರ ಮಾಹಿತಿ ಹಕ್ಕಿನ ಕಾನೂನು ಬರೀ ಕಾಗದ ಕೇಳೋಕಲ್ಲ. ಕಾಮಗಾರಿಯನ್ನ ಖುದ್ದಾಗಿ ಪರಿಶೀಲಿಸೋಕೆ, ಹಾಕಿದ ಮಾಲಿನ ದೃಢೀಕರಿಸಿದ ಮಾದರಿ ಪಡೆಯೋಕೆ ಕೂಡ ಅದರಲ್ಲಿ ಹಕ್ಕಿದೆ. ಅಂದಾಜು ಪಟ್ಟಿ ಕೇಳಿ, ಅಳತೆ ಪುಸ್ತಕ ಕೇಳಿ. ಪೈಪಿಗೆ ಅಗೆದ ರಸ್ತೆ ಸರಿಮಾಡೋಕೆ ಎಷ್ಟು ಹಣ ಬರೆದಿದ್ದಾರೆ, ಯಾರು ತಗೊಂಡರು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಅರ್ಜಿ 150 ಪದ ಮೀರಬಾರದು ಅಂತ ನಮ್ಮ ರಾಜ್ಯದ ನಿಯಮ. ನಮ್ಮ ಸಿಟ್ಟಿಗೆ ಅದು ಸಾಲದು, ಗುಂಡಿಗೆ ಸಾಕು.

ಸಭೆ ಮುಗಿದ ಮೇಲೆ ಇಲ್ಲೇ ಜಗಲಿ ಮೇಲೆ ಕೂತಿರ್ತೀನಿ. ಬರೆಯೋಕೆ ಬಾರದೋರು ಹೇಳ್ತಾ ಹೋಗಿ, ನಾನು ಬರೀತೀನಿ. ಕಾರ್ಡಿನ ಜೆರಾಕ್ಸ್ ತನ್ನಿ. ಒಂದು ಮನೆಗೊಂದಲ್ಲ, ಒಂದು ಗುಂಡಿಗೊಂದು ಅರ್ಜಿ.