ಒಂದಿರುಳಿನ ಕಳ್ಳರು



2024ನೆಯ ಇಸವಿಯಲ್ಲಿ ನರಕ ಚತುರ್ದಶಿಯು ಅಕ್ಟೋಬರ್ 31ರಂದು ಬಂದಿತು. ಪಾಶ್ಚಾತ್ಯರ ಹ್ಯಾಲೋವೀನ್ ಹಬ್ಬವೂ ಅದೇ ದಿನದ್ದು. ಅಂದು ಸಂಜೆ ನಾವು ಬೆಂಗಳೂರಿನ ಬಂಧುಗಳೊಬ್ಬರ ಮನೆಯಲ್ಲಿದ್ದೆವು. ಅದು ನೂರಾರು ಕುಟುಂಬಗಳಿರುವ ಬಹುಮಹಡಿಯ ಕಟ್ಟಡ. ಅಲ್ಲಿಯ ಮಕ್ಕಳು ಭೂತಪ್ರೇತಗಳ ಮುಖವಾಡ ತೊಟ್ಟು, ಮನೆಯಿಂದ ಮನೆಗೆ ಹೋಗಿ ಬಾಗಿಲು ತಟ್ಟಿ, ಸಿಹಿ ಬೇಡುತ್ತಿದ್ದರು. ಆ ಭೂತಗಳಲ್ಲಿ ಒಂದು ನಮ್ಮ ಸೋದರತ್ತೆಯ ಮೊಮ್ಮಗ. ಸೋದರತ್ತೆಯಾದರೋ ಸಿದ್ದಾಪುರ ಸೀಮೆಯ ನಿಲ್ಕುಂದದಲ್ಲಿ, ಅಡಕೆ ತೋಟದ ನೆತ್ತಿಯ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಮರುದಿನ ದೂರವಾಣಿಯಲ್ಲಿ ಮಾತನಾಡುತ್ತ, ಹೊರಜಗಲಿಯ ಮೇಲೆ ಎದ್ದು ಕಾಣುವಂತೆ ಎರಡು ಮೊಗೆಕಾಯಿಗಳನ್ನು ಇಟ್ಟಿದ್ದರೂ ಈ ಸಲ ಕದಿಯುವುದಕ್ಕೆ ಯಾರೂ ಬರಲಿಲ್ಲವೆಂದು ಅವರು ಹೇಳಿದರು. ಅದು ದೂರೇ ಆಗಿತ್ತು. ಕಳ್ಳರು ಬರಲಿಲ್ಲವೆಂಬ ದೂರನ್ನು ನಾವು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಗರವಾಸಿಗಳಾದ ತಮಗೆ ಇದನ್ನು ವಿವರಿಸಬೇಕಾದೀತು. ಶಿರಸಿ, ಸಿದ್ದಾಪುರಗಳ ಕಡೆ ದೀಪಾವಳಿಗೆ ದೊಡ್ಡಹಬ್ಬವೆಂದು ಹೆಸರು. ಅದರ ಆರಂಭವೇ ಬೂರೆ ಹಬ್ಬ. ಆ ಇರುಳು ಊರಿನ ಹುಡುಗರಿಗೆ ಕಳ್ಳತನದ ಅಪ್ಪಣೆಯುಂಟು. ಸೌತೆಕಾಯಿ, ಬಾಳೆಗೊನೆ, ಎಳನೀರು, ಅಂಗಳದ ಹೂವು ಇವೆಲ್ಲ ಅವರ ಪಾಲಿನವು. ತಿನ್ನುವುದಕ್ಕೆ ಬಾರದ ವಸ್ತುಗಳನ್ನು ಸ್ಥಳಾಂತರಿಸುವುದು ಇನ್ನೊಂದು ವಿನೋದ. ನಾವು ಬಾಲಕರಾಗಿದ್ದಾಗ ಒಬ್ಬರ ದಣಪೆಯ ಗಳಗಳು ಬೆಳಗಾಗುವುದರೊಳಗೆ ಮತ್ತೊಬ್ಬರ ಕೊಟ್ಟಿಗೆಯ ಮಾಡಿನ ಮೇಲೆ ಮಲಗಿರುತ್ತಿದ್ದವು. ಹಾಗೆಂದು ಇದು ಅರಾಜಕವಲ್ಲ. ನಾವು ಕಂಡಂತೆ ಬೀಗ ಹಾಕಿದ ಕೋಣೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಒಣಗಿಸಿಟ್ಟ ಅಡಕೆಗೆ ಕೈಹಾಕುತ್ತಿರಲಿಲ್ಲ. ಸೂತಕದ ಮನೆಯ ಕಡೆಗೆ ಸುಳಿಯುತ್ತಿರಲಿಲ್ಲ. ಮನೆಯ ಯಜಮಾನನಿಗೆ ಬೈಯುವ ಹಕ್ಕು ಪೂರ್ಣವಾಗಿ ಇತ್ತು, ದೂರು ಕೊಡುವ ಹಕ್ಕು ಇರಲಿಲ್ಲ. ಯಾರ ಮನೆಯ ಹುಡುಗ ಯಾವ ಕಾಯಿಯನ್ನು ಕದ್ದನೆಂಬುದು ಊರಿಗೆಲ್ಲ ತಿಳಿದೇ ಇರುತ್ತಿತ್ತು.

ಈ ಅಪ್ಪಣೆಯನ್ನು ಕೊಟ್ಟವರು ಯಾರು? ಬಲಿ ಚಕ್ರವರ್ತಿಯು ವರ್ಷಕ್ಕೊಮ್ಮೆ ತನ್ನ ಭೂಮಿಗೆ ಬಂದು ಹೋಗುವನೆಂಬ ನಂಬಿಕೆಯನ್ನು ತಾವೆಲ್ಲ ಬಲ್ಲಿರಿ. ಪದಚ್ಯುತನಾದ ಅರಸನ ಆಳ್ವಿಕೆ ಮರಳಿರುವ ಆ ಅಲ್ಪಕಾಲದಲ್ಲಿ ಈಗಿನ ಅರಸರ ಕಾಯಿದೆಗಳು ಕೊಂಚ ಕಣ್ಣು ಮುಚ್ಚುವುದು ನ್ಯಾಯವೇ. ಇದು ಶಾಸ್ತ್ರವಚನವಲ್ಲ, ನಮ್ಮ ಊಹೆ ಮಾತ್ರ.

ಕದಿಯುವುದು ಒಂದು ಮುಖವಾದರೆ ಬೇಡುವುದು ಇನ್ನೊಂದು. ಮಲೆನಾಡಿನ ಅಂಟಿಗೆ ಪಂಟಿಗೆಯವರು ಊರ ದೇವರ ಮುಂದೆ ಹಚ್ಚಿದ ದೀಪವನ್ನು, ಗಾಳಿಗೆ ಆರದಂತೆ ಕಾಪಾಡಿಕೊಂಡು, ರಾತ್ರಿಯೆಲ್ಲ ಮನೆಮನೆಗೆ ಒಯ್ಯುತ್ತಾರೆ. ಬಾಗಿಲು ತೆರೆಯಿರೆಂದು ಹಾಡುತ್ತಾರೆ. ಮನೆಯೊಡತಿಯು ಎದ್ದು ಬಂದು ಆ ದೀಪಕ್ಕೆ ಎಣ್ಣೆಯೆರೆದು, ಅದರಿಂದ ತನ್ನ ಮನೆಯ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿ, ಕಾಯಿ, ಕಾಣಿಕೆಗಳನ್ನು ಕೊಟ್ಟು ಕಳುಹಿಸುತ್ತಾಳೆ. ಅಮಾವಾಸ್ಯೆಯ ಸಂಜೆ ಪಿತೃಗಳಿಗೆ ದಾರಿ ತೋರಲೆಂದು ಪಂಜನ್ನೆತ್ತಿ ಹಿಡಿಯುವ ಉಲ್ಕಾದಾನವೂ ಈ ಕಾಲದ್ದೇ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಜನರೂ ಸುಗ್ಗಿ ಮುಗಿದು ಚಳಿ ಕಾಲಿಡುವ ಆ ಇರುಳು ಮೃತರು ಮನೆಗೆ ಮರಳುವರೆಂದು ನಂಬಿದ್ದರು. ಟರ್ನಿಪ್ ಗೆಡ್ಡೆಯನ್ನು ಕೊರೆದು ಅದರೊಳಗೆ ದೀಪವಿಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಗೆಡ್ಡೆಯ ಸ್ಥಾನಕ್ಕೆ ಚೀನಿಕಾಯಿ, ಎಂದರೆ ಸಿಹಿಗುಂಬಳ, ಬಂದಿತು. ಕೊರೆಯುವ ಕೈಗೆ ಅದು ಎಷ್ಟೋ ಸುಲಭ.

ಆ ಹಬ್ಬದಲ್ಲಿಯೂ ಕಿಡಿಗೇಡಿತನವಿದ್ದಿತು, ಅದು ಒಂದು ಪೇಟೆಯನ್ನೇ ಗಾಬರಿಗೊಳಿಸಿತು ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಮಿನೆಸೋಟ ಸಂಸ್ಥಾನದ ಅನೋಕ ಎಂಬ ಚಿಕ್ಕ ಪಟ್ಟಣದಲ್ಲಿ ಹ್ಯಾಲೋವೀನ್ ಮರುದಿನ ಎದ್ದು ನೋಡಿದರೆ ಮುಖ್ಯಬೀದಿಯಲ್ಲಿ ಯಾರದೋ ಹಸುಗಳು ಅಲೆಯುತ್ತಿದ್ದವು, ಬಂಡಿಗಳು ಮಾಡಿನ ಮೇಲೇರಿದ್ದವು, ಕಿಟಕಿಗಳಿಗೆ ಸಾಬೂನು ಬಳಿದಿತ್ತು. ಇದಕ್ಕೆ ಮದ್ದಾಗಿ ಊರಿನ ಹಿರಿಯರು 1920ರಲ್ಲಿ ಪೇಟೆಬೀದಿಯಲ್ಲಿ ಮೆರವಣಿಗೆಯನ್ನು ಏರ್ಪಡಿಸಿ, ಮಕ್ಕಳಿಗೆ ತಿಂಡಿ ಹಂಚಿದರು. ಹುಡುಗರು ಮೆರವಣಿಗೆಯಲ್ಲಿ ದಣಿದರು, ಹಸುಗಳು ಕೊಟ್ಟಿಗೆಯಲ್ಲಿ ಉಳಿದವು. ಉಪಾಯ ಫಲಿಸಿದ್ದರಿಂದ ಇತರ ಊರುಗಳೂ ಈ ಬಗೆಯ ಏರ್ಪಾಟುಗಳನ್ನು ಮಾಡಿದವು. ಇಂದಿಗೂ ಅನೋಕದವರು ತಮ್ಮ ಊರನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿಯೆಂದು ಹೇಳಿಕೊಳ್ಳುತ್ತಾರೆ.

ಅನೋಕದ ಹಿರಿಯರನ್ನು ನಾವು ಹಳಿಯುವುದಿಲ್ಲ. ಪೇಟೆಗೆ ಪೇಟೆಯದೇ ನೀತಿ. ನಮ್ಮ ಶಿರಸಿಯೂ ಹಾಗೆಯೇ. ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷಗಳಲ್ಲಿ, ಹೋಳಿಯ ರಾತ್ರಿಗಳಂದು, ನವಿಲುಗರಿ ಕಟ್ಟಿ ಕತ್ತಿ ಝಳಪಿಸುತ್ತ ಅಬ್ಬರಿಸುವ ಬೇಡರ ವೇಷವನ್ನು ಇಬ್ಬರು ಹಿಂದಿನಿಂದ ಹಗ್ಗ ಹಿಡಿದು ತಡೆಯುತ್ತಾರಷ್ಟೆ. ನಮಗೆ ಅದು ಪಟ್ಟಣದ ಹಬ್ಬದ ಲಕ್ಷಣವಾಗಿಯೇ ಕಂಡಿದೆ: ಭೀತಿಯೂ ಬೇಕು, ಹಗ್ಗವೂ ಬೇಕು. ಆದರೆ ನಿಲ್ಕುಂದದಂತಹ ಊರಿನ ಬೂರೆ ಕಳ್ಳತನಕ್ಕೆ ಈ ಔಷಧಿಯನ್ನು ಹಾಕುವುದು ನಮಗೆ ಒಪ್ಪಿಗೆಯಾಗದು. ಅಂಟಿಗೆ ಪಂಟಿಗೆಯನ್ನು ವೇದಿಕೆಯ ಮೇಲೆ ಹಾಡಿಸಿ ಬಹುಮಾನ ಕೊಡುವುದನ್ನು ನಾವು ನೋಡಿದ್ದೇವೆ. ಹಾಡು ಚೆನ್ನಾಗಿಯೇ ಇರುತ್ತದೆ. ತೆರೆಯುವುದಕ್ಕೆ ಬಾಗಿಲು ಮಾತ್ರ ಅಲ್ಲಿರುವುದಿಲ್ಲ. ಅಪರಿಚಿತನು ಕದ್ದರೆ ಅದು ಅಪರಾಧ. ಪಕ್ಕದ ಮನೆಯ ಹುಡುಗನು ಕದ್ದರೆ ಅದು ಹಬ್ಬ. ಆ ಹುಡುಗರು ಈಗ ಬೆಂಗಳೂರಿನಲ್ಲಿದ್ದಾರೆ. ಉಳಿದ ಒಬ್ಬಿಬ್ಬರು, ಒಂಟಿಯಾಗಿರುವ ವೃದ್ಧೆಯನ್ನು ಅಪರಾತ್ರಿಯಲ್ಲಿ ಬೆದರಿಸಬಾರದೆಂಬ ಸೌಜನ್ಯದಿಂದ ಆ ಮನೆಯನ್ನು ಬಿಟ್ಟು ಹೋಗಿರಬೇಕು. ನಮ್ಮ ಸೋದರತ್ತೆಗೆ ಚುಚ್ಚಿದ್ದು ಆ ಸೌಜನ್ಯವೇ. ಸೂತಕದ ಮನೆಯನ್ನಷ್ಟೆ ಹಾಗೆ ಬಿಡುತ್ತಿದ್ದುದು.

2025ರ ದೊಡ್ಡಹಬ್ಬಕ್ಕೆ ನಾವು ಆ ಮೊಮ್ಮಗನನ್ನು ಕರೆದುಕೊಂಡು ನಿಲ್ಕುಂದಕ್ಕೆ ಹೋದೆವು. ಕಾಲೇಜಿನಲ್ಲಿ ಪಾಠ ಹೇಳುವ, ನಲವತ್ತು ದಾಟಿದ ಮನುಷ್ಯನು ನಡುರಾತ್ರಿ ಪಂಚೆ ಎತ್ತಿ ಕಟ್ಟಿಕೊಂಡು, ಬಾಲಕನೊಬ್ಬನನ್ನು ಮುಂದಿಟ್ಟುಕೊಂಡು, ತಾನು ಉಂಡ ಮನೆಯ ಜಗಲಿಯಿಂದಲೇ ಮೊಗೆಕಾಯಿ ಕದಿಯುವುದು ಘನತೆಗೆ ತಕ್ಕದ್ದಲ್ಲವೆಂದು ತಾವು ಹೇಳಬಹುದು. ನಾಯಿಯ ಅಭಿಪ್ರಾಯವೂ ಅದೇ ಆಗಿತ್ತು. ಬೆಳಗ್ಗೆ ಎಣ್ಣೆಸ್ನಾನಕ್ಕೆ ಮುಂಚೆಯೇ ಸೋದರತ್ತೆ ಅಂಗಳದಲ್ಲಿ ನಿಂತು, ಕೆಳಗಿನ ಮನೆಯವರಿಗೂ ಕೇಳುವಂತೆ, ಕಳ್ಳರ ಕುಲಗೋತ್ರಗಳನ್ನೆಲ್ಲ ಎತ್ತಿ ಬೈದರು. ಆ ಗೋತ್ರ ನಮ್ಮದೇ ಆಗಿದ್ದುದರಿಂದ ವಿವರಗಳಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಒಳಗೆ ಬಂದು, ಹುಡುಗನ ತಲೆಗೆ ಎಣ್ಣೆಯಿಡುತ್ತ, ಹೋದದ್ದು ಬೀಜಕ್ಕೆಂದು ಇರಿಸಿದ್ದ ಕಾಯಿಯೆಂದೂ, ಕಳ್ಳರು ತಿರುಳನ್ನು ತಿಂದು ಬೀಜವನ್ನಾದರೂ ಬೂದಿಯಲ್ಲಿ ಹೊರಳಿಸಿ ಒಣಗಿಸಿ ತಂದಿಡಬೇಕೆಂದೂ ಗೋಡೆಗೆ ಹೇಳಿದರು. ಹುಡುಗ ಎದ್ದು ಬಚ್ಚಲೊಲೆಯ ಬೂದಿಯನ್ನು ಹುಡುಕಿಕೊಂಡು ಹೋದ.