ಅಣಬೆಯ ಬಹುಶರ್ಕರ: ಸತ್ಯವೆಷ್ಟು, ಪ್ರಚಾರವೆಷ್ಟು?
(ಅಣಬೆ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಅಣಬೆ ಬೆಳೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ಅಣಬೆ ಪುಡಿ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದಂತೆ, ನಿಜವೇ?" ಈ ಮಾತಿಗೆ ಮೂಲ ಅಣಬೆಯಲ್ಲಿರುವ ಬಹುಶರ್ಕರ. ಅದನ್ನು ಬೇರ್ಪಡಿಸುವ ಬಗೆ, ಅದರ ರಚನೆ ತಿಳಿದರೆ ಉತ್ತರವೂ ದೊರೆಯುತ್ತದೆ.

ಅಕ್ಕಿಯ ಪಿಷ್ಟ, ಭತ್ತದ ಹುಲ್ಲಿನ ನಾರು, ಅಣಬೆಯ ಬೀಟಾ ಗ್ಲೂಕನ್, ಈ ಮೂರೂ ಗ್ಲೂಕೋಸಿನ ಸರಪಳಿಗಳೇ. ಕೊಂಡಿ ಬೆಸೆದಿರುವ ರೀತಿ ಮಾತ್ರ ಬೇರೆ. ಆದುದರಿಂದಲೇ ಅನ್ನ ನಮಗೆ ಜೀರ್ಣವಾಗುತ್ತದೆ, ಹುಲ್ಲು ಆಗುವುದಿಲ್ಲ.

ಪ್ರಯೋಗಾಲಯದಲ್ಲಿ ಒಣಗಿದ ಅಣಬೆಯನ್ನು ಪುಡಿಮಾಡಿ, ಮೊದಲು ಮದ್ಯಸಾರದಿಂದ ಕೊಬ್ಬು, ಬಣ್ಣಗಳನ್ನು ತೆಗೆಯುತ್ತಾರೆ. ಅನಂತರ ಬಿಸಿನೀರಿನಲ್ಲಿ ಹಲವು ಗಂಟೆ ಕಾಯಿಸಿ ಸೋಸುತ್ತಾರೆ. ಸೋಸಿದ ರಸಕ್ಕೆ ಮದ್ಯಸಾರ ಬೆರೆಸಿದರೆ ಬಹುಶರ್ಕರ ಗಸಿಯಾಗಿ ಇಳಿಯುತ್ತದೆ. ಅದರಲ್ಲಿ ಉಳಿದ ಸಸಾರಜನಕವನ್ನು ನೀಗಿಸಿ, ಕಣಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಬೇಕು.

ಆಮ್ಲದಲ್ಲಿ ಕಾಯಿಸಿದರೆ ಸರಪಳಿ ಒಡೆದು, ಅದರಲ್ಲಿದ್ದ ಸಕ್ಕರೆಗಳು ಯಾವುವೆಂದು ತಿಳಿಯುತ್ತದೆ. ಕೊಂಡಿ ಎಲ್ಲಿತ್ತೆಂದು ತಿಳಿಯುವುದು ಹೇಗೆ? ಇಟ್ಟಿಗೆಯ ರಾಶಿಗೆ ಸುಣ್ಣ ಬಳಿದು, ರಾಶಿ ಕೆಡವಿ ನೋಡಿ. ಸುಣ್ಣ ತಾಗದ ಮುಖವೇ ಒಂದಕ್ಕೊಂದು ಅಂಟಿದ್ದ ಜಾಗ. ಅಂತೆಯೇ ಸಕ್ಕರೆಯ ತೆರೆದ ಸ್ಥಾನಗಳಿಗೆ ಮೀಥೈಲ್ ಗುರುತು ಹಚ್ಚಿ, ಆಮೇಲೆ ಸರಪಳಿ ಒಡೆಯುತ್ತಾರೆ.

ಜಪಾನಿನ ಗೊರೊ ಚಿಹಾರ ಮತ್ತು ಸಂಗಡಿಗರು 1969ರಲ್ಲಿ, ಶಿಟಾಕೆ ಅಣಬೆಯ ಬಹುಶರ್ಕರವು ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆಯನ್ನು ತಡೆಯಿತೆಂದು ಪ್ರಕಟಿಸಿದರು. ಅದರಿಂದ ದೊರೆತ ವಸ್ತುವೇ ಲೆಂಟಿನಾನ್. ಇದರ ಮುಖ್ಯ ಸರಪಳಿಯಲ್ಲಿ ಪ್ರತಿ 5 ಗ್ಲೂಕೋಸಿಗೆ 2 ಕವಲುಗಳಿವೆ. 1985ರಲ್ಲಿ ಜಪಾನ್ ಇದಕ್ಕೆ ಜಠರದ ಕ್ಯಾನ್ಸರಿನಲ್ಲಿ ಅನುಮತಿ ನೀಡಿತು. ಆದರೆ ಗಮನಿಸಿ: ಅದು ಶುದ್ಧೀಕರಿಸಿದ ಚುಚ್ಚುಮದ್ದು, ಇತರ ಔಷಧಿಯ ಜೊತೆಗೆ ಕೊಟ್ಟದ್ದು, ಅದರ ಬದಲಿಗಲ್ಲ. ಶಿಟಾಕೆಯ ಫಲಿತಾಂಶವನ್ನು ನಮ್ಮ ಚಿಪ್ಪು ಅಣಬೆಗೆ ಹೊರಿಸುವುದೂ ಸರಿಯಲ್ಲ. ಜಾತಿ ಬೇರೆಯಾದರೆ ಕವಲುಗಳ ಜೋಡಣೆಯೂ ಬೇರೆಯಾಗಬಹುದು.

ಆದುದರಿಂದ ಅಣಬೆಯನ್ನು ಒಳ್ಳೆಯ ತರಕಾರಿಯೆಂದು ಬೆಳೆಯಿರಿ, ಬೇಯಿಸಿ ತಿನ್ನಿ, ಮಾರಿ. ಪೊಟ್ಟಣದ ಮೇಲೆ "ಕ್ಯಾನ್ಸರ್, ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಎಂದು ಅಚ್ಚು ಹಾಕಿಸಬೇಡಿ. ಇಂತಹ ಜಾಹೀರಾತನ್ನು 1954ರ ಕೇಂದ್ರ ಕಾನೂನು ನಿಷೇಧಿಸಿದೆ. ಕಾನೂನಿಗಿಂತ ದೊಡ್ಡದು ಇನ್ನೊಂದಿದೆ. ನಿಮ್ಮ ಪುಡಿಯನ್ನು ನಂಬಿ ಯಾರಾದರೂ ಆಸ್ಪತ್ರೆಯ ಚಿಕಿತ್ಸೆ ಬಿಟ್ಟರೆ, ಕಳೆದುಹೋದ ಆ ದಿನಗಳು ಮರಳಿ ಬಾರವು.