ಸಮೂಹದಲ್ಲಿ ಸಮಾಧಾನ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಕೇಳಿಯೇ ನಾವೆಲ್ಲ ಬೆಳೆದಿದ್ದೇವೆ. ಲೋಕವ್ಯವಹಾರದಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಊರುಬಿಟ್ಟು ವಿಶ್ವವಿದ್ಯಾನಿಲಯದ ಹಾಸ್ಟೆಲಿಗೆ ಬಂದು ಸೇರಿದ ಹದಿಹರೆಯದ ಜೀವವೊಂದರ ಮೌನ ಎಷ್ಟೋ ವೇಳೆ ಒಳಗೇ ಹೊಗೆಯಾಡುವ ಬೆಂಕಿಯಾಗಿರುತ್ತದೆ. ಅದನ್ನು ಆರಿಸಲು ಇರುವ ಉಪಾಯಗಳಲ್ಲಿ ಒಂದಾದ ಸಮೂಹ ಸಮಾಲೋಚನೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ವಿದ್ಯಾರ್ಥಿಗಳ ಸಂಕಟಗಳು ನಮಗೆ ಅಪರಿಚಿತವೇನಲ್ಲ. ಪರೀಕ್ಷೆಯ ಭೀತಿ, ಹಣದ ಮುಗ್ಗಟ್ಟು, ಒಲಿದವರು ದೂರವಾದ ನೋವು, ಮನೆಯವರ ನಿರೀಕ್ಷೆಯ ಭಾರ. ಮನೆತನದಲ್ಲೇ ಮೊದಲಿಗಳಾಗಿ ಪದವಿಯ ಮೆಟ್ಟಿಲು ಹತ್ತಿದ ಹುಡುಗಿಗೆ ಇನ್ನೊಂದು ಕಷ್ಟವೂ ಉಂಟು. ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಜಾಣೆಯೆನಿಸಿಕೊಂಡವಳು ಇಂಗ್ಲಿಷಿನ ಪಾಠದ ಮುಂದೆ ತಿಂಗಳೊಪ್ಪತ್ತಿನಲ್ಲಿ ತನ್ನನ್ನು ತಾನೇ ದಡ್ಡಿಯೆಂದುಕೊಳ್ಳುತ್ತಾಳೆ. ಮನೆಯಿಂದ ಫೋನು ಬಂದರೆ 'ಚೆನ್ನಾಗಿದ್ದೇನವ್ವ' ಎನ್ನುತ್ತಾಳೆ. ಈ ಎಲ್ಲ ಸಂಕಟಗಳನ್ನೂ ಇಮ್ಮಡಿಸುವುದು 'ಹೀಗಾಗಿರುವುದು ನನಗೊಬ್ಬಳಿಗೇ' ಎಂಬ ಭಾವನೆ. ಪಕ್ಕದ ಮಂಚದವಳೂ ಗೋಡೆಯ ಕಡೆಗೆ ಮುಖಮಾಡಿ ಅದನ್ನೇ ನೆನೆಯುತ್ತಿರಬಹುದು. ಒಬ್ಬಳ ಸ್ಥಿತಿ ಇನ್ನೊಬ್ಬಳಿಗೆ ತಿಳಿಯದು, ಅಷ್ಟೆ.

ಈ ಒಂಟಿತನದ ಭ್ರಮೆಯನ್ನು ಕಳೆಯುವುದೇ ಸಮೂಹ ಸಮಾಲೋಚನೆಯ ಮೂಲತತ್ತ್ವ. ಕುತೂಹಲದ ಸಂಗತಿಯೆಂದರೆ ಈ ಪದ್ಧತಿ ಮೊದಲು ಕಾಣಿಸಿಕೊಂಡದ್ದು ಮನೋರೋಗಿಗಳ ನಡುವೆ ಅಲ್ಲ, ಕ್ಷಯರೋಗಿಗಳ ನಡುವೆ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು, ಆರೋಗ್ಯಧಾಮಗಳಿಗೆ ಹೋಗಲಾರದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ, ವಿಶ್ರಾಂತಿ, ಆಹಾರ, ಶುದ್ಧ ಗಾಳಿಗಳ ಬಗೆಗೆ ತಿಳಿವಳಿಕೆ ಕೊಡತೊಡಗಿದರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವಷ್ಟು ಸಮಯ ಎಲ್ಲಿಂದ ತರುವುದು? ಕೂಟ ಹುಟ್ಟಿದ್ದು ಅನುಕೂಲಕ್ಕಾಗಿ. ಆದರೆ ಕ್ರಮೇಣ ಅವರ ಗಮನಕ್ಕೆ ಬಂದದ್ದು, ಬೇರೆಬೇರೆ ಜನಾಂಗಗಳ, ಮತಗಳ ಆ ರೋಗಿಗಳು ಒಬ್ಬರಿಂದೊಬ್ಬರು ಧೈರ್ಯ ಪಡೆಯುತ್ತಿದ್ದಾರೆ ಎಂಬುದು. ಕೂಟವೇ ಔಷಧವಾಗಿತ್ತು.

ನಮ್ಮ ದೇಶದಲ್ಲೂ ಇಂಥ ದೃಷ್ಟಿಗೆ ನಿದರ್ಶನವಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಮಂದಿಯನ್ನೂ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಮುಂದೆ 1970ರಲ್ಲಿ ಅರ್ವಿನ್ ಯಾಲೊಮ್ ಎಂಬ ಅಮೆರಿಕದ ಮನೋವೈದ್ಯರು ಸಮೂಹ ಚಿಕಿತ್ಸೆಯನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಸಮೂಹದಲ್ಲಿ ಗುಣ ಕೊಡುವ ಅಂಶಗಳು ಯಾವುವೆಂದು ವಿಂಗಡಿಸಿದರು. ತನ್ನ ನೋವು ಇತರರಿಗೂ ಇದೆಯೆಂಬ ಅರಿವು ಅವುಗಳಲ್ಲೊಂದು. ಇತರರಿಗೆ ನೆರವಾಗುವುದರಿಂದ ತನಗೇ ಆಗುವ ಉಪಕಾರ ಮತ್ತೊಂದು. ನಾನು ಯಾತಕ್ಕೂ ಬಾರದವನು ಎಂದು ಕೊರಗುವ ಹುಡುಗನ ಮಾತಿನಿಂದ ಎದುರಿಗೆ ಕುಳಿತವನ ಮುಖ ಅರಳಿದರೆ, ಯಾವ ಉಪದೇಶವೂ ಮಾಡಲಾರದ ಕೆಲಸವನ್ನು ಆ ಕ್ಷಣ ಮಾಡುತ್ತದೆ.

ಹಾಗಾದರೆ ಇದು ಅರಳಿಕಟ್ಟೆಯ ಹರಟೆಯೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಇದಕ್ಕೊಂದು ಶಿಸ್ತಿದೆ. ಸಾಮಾನ್ಯವಾಗಿ ಆರರಿಂದ ಹತ್ತು ಮಂದಿ, ತರಬೇತಿ ಪಡೆದ ಒಬ್ಬರು ಅಥವಾ ಇಬ್ಬರು ಸಮಾಲೋಚಕರು, ವಾರಕ್ಕೊಮ್ಮೆ ಒಂದೂವರೆ ಗಂಟೆಯ ಕಾಲ, ಒಂದು ಅರ್ಧವರ್ಷದ ಅವಧಿಯಲ್ಲಿ ಎಂಟು ಹತ್ತು ಸಲ ಸೇರುತ್ತಾರೆ. ಸೇರುವ ಮೊದಲು ಪ್ರತಿಯೊಬ್ಬರೊಡನೆಯೂ ಪ್ರತ್ಯೇಕವಾಗಿ ಮಾತನಾಡಿ, ಈ ಕ್ರಮ ಅವರಿಗೆ ಒಗ್ಗುವುದೇ ಎಂದು ನೋಡುತ್ತಾರೆ. ಕೆಲವು ಕೂಟಗಳು ಪರೀಕ್ಷಾಭೀತಿ, ನಿದ್ರೆ, ಅಭ್ಯಾಸಕ್ರಮಗಳಂಥ ಗೊತ್ತಾದ ವಿಷಯವನ್ನು ಕಲಿಸುತ್ತವೆ. ಕೆಲವು, ಹೆತ್ತವರನ್ನು ಕಳೆದುಕೊಂಡವರಂತೆ ಒಂದೇ ಬಗೆಯ ನೋವುಂಡವರಿಗೆ ಆಸರೆಯಾಗುತ್ತವೆ. ಇನ್ನು ಕೆಲವು, ನಾವು ಇತರರೊಡನೆ ಹೇಗೆ ನಡೆದುಕೊಳ್ಳುತ್ತೇವೆಂಬುದನ್ನು ಆ ವೃತ್ತದಲ್ಲೇ ಕಾಣಿಸಿಕೊಡುತ್ತವೆ. ಕನ್ನಡದಲ್ಲಿ 'ಆಪ್ತಸಲಹೆ' ಎಂಬ ಮಾತು ಬಳಕೆಗೆ ಬಂದಿದೆಯಾದರೂ, ಇಲ್ಲಿ ಸಲಹೆಯ ಪಾಲು ತೀರ ಕಡಿಮೆ. 'ಹೀಗೆ ಮಾಡು' ಎನ್ನುವವರು ನಮ್ಮ ಮಕ್ಕಳಿಗೆ ಬೇಕಾದಷ್ಟು ಜನರಿದ್ದಾರೆ. 'ಆಮೇಲೇನಾಯಿತು?' ಎಂದು ಕೇಳಿ ಸುಮ್ಮನಿರಬಲ್ಲವರು ವಿರಳ. ಆದ್ದರಿಂದ 'ಆಪ್ತಸಮಾಲೋಚನೆ' ಎಂಬ ಪದವೇ ನನಗೆ ಹೆಚ್ಚು ಒಪ್ಪಿತ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಗೋಪ್ಯತೆಯದು. ಆರು ಕಿವಿಗೆ ಬಿದ್ದ ಗುಟ್ಟು ಗುಟ್ಟಾಗಿ ಉಳಿಯದೆಂದು ನಮ್ಮ ಹಿರಿಯರು ತಿಳಿದಿದ್ದರು. ಇಲ್ಲಿಯಾದರೋ ಇಪ್ಪತ್ತು ಕಿವಿಗಳು! ಕೇಳಿದ್ದನ್ನು ಹೊರಗೆ ಆಡಬಾರದೆಂದು ಮೊದಲ ದಿನವೇ ಎಲ್ಲರೂ ಮಾತು ಕೊಡುತ್ತಾರೆ. ಆದರೂ, ಸಮಾಲೋಚಕರು ತಮ್ಮ ಮಟ್ಟಿಗೆ ವಚನಬದ್ಧರೇ ಹೊರತು ಉಳಿದವರ ನಾಲಗೆಗೆ ಹೊಣೆಯಾಗಲಾರರು. ಜೀವಕ್ಕೆ ಅಪಾಯವಿದೆಯೆಂದು ಕಂಡಾಗ ತಾವೂ ಸುಮ್ಮನಿರಲಾರರು. ಇದನ್ನೆಲ್ಲ ಮುಚ್ಚಿಡದೆ ಮೊದಲೇ ತಿಳಿಸುವುದು ಪ್ರಾಮಾಣಿಕತೆ. ಒಂದೇ ತರಗತಿಯ, ಒಂದೇ ಕೊಠಡಿಯ ಮಿತ್ರರನ್ನು ಒಂದೇ ಕೂಟಕ್ಕೆ ಹಾಕದಿರುವುದು ವಿವೇಕ. ಅಂಕ ಹಾಕುವ ಅಧ್ಯಾಪಕನು ಆ ವೃತ್ತದಲ್ಲಿ ಕೂರಬಾರದು. ಅಲ್ಲಿಯ ಟಿಪ್ಪಣಿ ಪ್ರಾಂಶುಪಾಲರ ಮೇಜಿಗೆ ಹೋಗಬಾರದು. ಇಷ್ಟು ಭರವಸೆಯಿಲ್ಲದ ಕಡೆ ಯಾವ ವಿದ್ಯಾರ್ಥಿಯೂ ಬಾಯಿ ಬಿಡುವುದಿಲ್ಲ, ಬಿಡಲೂಬಾರದು.

ಎಲ್ಲರಿಗೂ ಸಮೂಹವೇ ಮದ್ದಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆ ತೀವ್ರವಾಗಿರುವವರಿಗೆ, ಇಲ್ಲದ ದನಿಗಳು ಕೇಳಿಸುವಷ್ಟು ಮನಸ್ಸು ಕದಡಿದವರಿಗೆ ಮೊದಲು ಬೇಕಾದದ್ದು ವೈದ್ಯರ ನೇರ ಆರೈಕೆ. ಅಂಥ ಹೊತ್ತಿನಲ್ಲಿ ಮುಂದಿನ ವಾರದ ಕೂಟಕ್ಕೆ ಕಾಯುವಂತಿಲ್ಲ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕನ್ನಡದಲ್ಲೇ ಎಂಬ ಮಾತಿಗೆ ನಾನು ಒತ್ತು ಕೊಡುವುದು ಭಾಷಾಭಿಮಾನದಿಂದಷ್ಟೇ ಅಲ್ಲ. ಇಂಗ್ಲಿಷಿನ 'ಡಿಪ್ರೆಶನ್' ಆಗಲಿ, ನಮ್ಮ ಗ್ರಾಂಥಿಕ 'ಖಿನ್ನತೆ'ಯಾಗಲಿ ನೋವಿನ ಹೊತ್ತಿನಲ್ಲಿ ಹುಡುಗರ ಬಾಯಿಗೆ ಬರುವುದಿಲ್ಲ. 'ಎದೆ ಭಾರವಾಗಿದೆ' ಎನ್ನುತ್ತಾರೆ, 'ಮನಸ್ಸು ಒಂಥರಾ ಆಗಿದೆ' ಎನ್ನುತ್ತಾರೆ. ಧಾರವಾಡದ ಕಡೆಯವನಾದರೆ 'ಜೀವಕ್ಕ ಬ್ಯಾಸರಾಗೇತ್ರಿ' ಎಂದಾನು. ಇಂಗ್ಲಿಷಿನ ಭಯವೇ ನೋವಿನ ಒಂದು ಕಾರಣವಾಗಿರುವ ವಿದ್ಯಾರ್ಥಿಯನ್ನು ಇಂಗ್ಲಿಷಿನಲ್ಲಿ ನಡೆಯುವ ಕೂಟಕ್ಕೆ ಕಳಿಸಿದರೆ, ಅಲ್ಲಿಯೂ ಅವನು ಹಿಂದಿನ ಬೆಂಚಿನ ವಿದ್ಯಾರ್ಥಿಯೇ ಆಗುತ್ತಾನೆ.

2025ರ ಜುಲೈ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳು ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರಲ್ಲಿ ಕಡೆಯ ಪಕ್ಷ ಒಬ್ಬರನ್ನಾದರೂ ನೇಮಿಸಿಕೊಳ್ಳಬೇಕೆಂದು ನಿರ್ದೇಶಿಸಿತು. ಸ್ವಾಗತಾರ್ಹವಾದ ಮಾತು. ಆದರೆ ಸಾವಿರಾರು ವಿದ್ಯಾರ್ಥಿಗಳಿಗೆ ಒಬ್ಬರೇ ಸಮಾಲೋಚಕರಾದಾಗ ಸಮೂಹ ಪದ್ಧತಿಯನ್ನು ಅಗ್ಗದ ದಾರಿಯೆಂದು ಹಿಡಿಯುವ ಅಪಾಯವಿದೆ. ನಲವತ್ತು ಮಂದಿಯನ್ನು ಸಭಾಂಗಣದಲ್ಲಿ ಕೂರಿಸಿ ಮಾಡುವ ಭಾಷಣ ಸಮೂಹ ಸಮಾಲೋಚನೆಯಾಗದು. ಸರಿಯಾಗಿ ನಡೆದಾಗ, ಹಲವು ತೊಂದರೆಗಳಲ್ಲಿ ಇದರ ಫಲ ಒಬ್ಬರೊಡನೊಬ್ಬರು ನಡೆಸುವ ಚಿಕಿತ್ಸೆಗೆ ಸರಿಸಮವೆಂದು ಹೋಲಿಕೆಯ ಅಧ್ಯಯನಗಳು ತೋರಿಸಿಕೊಟ್ಟಿವೆ. ಸರಿಯಾಗಿ ನಡೆಸುವುದೇ ಮುಖ್ಯ.

ಅದಕ್ಕೆ ಬೇಕಾದದ್ದು ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೊಠಡಿ, ವೃತ್ತಾಕಾರವಾಗಿ ಇಟ್ಟ ಹತ್ತು ಕುರ್ಚಿ, ಕೇಳುವುದನ್ನು ಕಲಿತ ಒಬ್ಬ ಸಮಾಲೋಚಕರು, ವಾರಕ್ಕೆ ಒಂದೂವರೆ ಗಂಟೆಯ ಬಿಡುವು. ಗ್ರಂಥಾಲಯಕ್ಕೆ, ಕ್ರೀಡಾಂಗಣಕ್ಕೆ ಜಾಗ ಒದಗಿಸಿದ ನಮ್ಮ ವಿಶ್ವವಿದ್ಯಾನಿಲಯಗಳು ಇಷ್ಟಕ್ಕೂ ಜಾಗ ಒದಗಿಸುವುದು ಅಸಾಧ್ಯವಲ್ಲ. ತಾಯಿತಂದೆಯರೂ ಮಕ್ಕಳು ಅಲ್ಲಿಗೆ ಹೋದರೆಂದು ಅಳುಕದೆ, ಅಲ್ಲಿ ಏನು ಹೇಳಿದೆಯೆಂದು ಕೆದಕದೆ, ಅವರನ್ನು ಅವರ ಪಾಡಿಗೆ ಹೋಗಿಬರಲು ಬಿಟ್ಟರೆ ಅದೇ ದೊಡ್ಡ ಉಪಕಾರ.